ಮಕ್ಕಳಿಗೆ ಜಗತ್ತಿನ ಸಂಸ್ಕೃತಿಗಳ ವೆಬ್‌ಸೈಟ್: ದೇಶಕ್ಕೊಂದು ಪುಟ ಮಾಡಬೇಕಾ, ಬೇರೆ ದಾರಿ ಇದೆಯಾ?

ಅಕ್ಷರಗೂಡು:

ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗಾಗಿ, ಜಗತ್ತಿನ ಬೇರೆ ಬೇರೆ ಜನರ ಬದುಕಿನ ಬಗ್ಗೆ ಕನ್ನಡದಲ್ಲಿ ಒಂದು ವೆಬ್‌ಸೈಟ್ ತಯಾರಾಗುತ್ತಿದೆ. ಜಾಹೀರಾತು ಇಲ್ಲ, ಲಾಭದ ಉದ್ದೇಶವೂ ಇಲ್ಲ. ಕೋಡ್ ಬರೆಯಲು ಒಬ್ಬರು, ಬರಹಕ್ಕೆ ಇಬ್ಬರು, ಚಿತ್ರ ಬಿಡಿಸಲು ಒಬ್ಬರು ಇದ್ದಾರೆ.

ಈಗಿನ ಯೋಜನೆ ಹೀಗಿದೆ. ಮುಖಪುಟದಲ್ಲಿ ಜಗತ್ತಿನ ಭೂಪಟ. ಮಗು ಒಂದು ದೇಶದ ಮೇಲೆ ಬೆರಳಿಟ್ಟರೆ ಆ ದೇಶದ ಪುಟ ತೆರೆಯುತ್ತದೆ. ಅಲ್ಲಿ ಬಾವುಟ, ಉಡುಪು, ಊಟ, ಹಬ್ಬ, ‘ನಿಮಗೆ ಗೊತ್ತೆ?’ ಅಂತ ಐದು ಸಂಗತಿ, ಕೊನೆಗೊಂದು ಕ್ವಿಜ್. ವಿಶ್ವಸಂಸ್ಥೆಯ 193 ಸದಸ್ಯ ದೇಶಗಳಿಗೂ ಒಂದೊಂದು ಪುಟ. ಲಾಗಿನ್ ಮಾಡಿದರೆ ಅಂಕ, ಪದಕ ಸಿಗುತ್ತದೆ. ಜೊತೆಗೆ ‘ಈ ತಿಂಗಳ ಹಬ್ಬಗಳು’ ಅಂತ ಒಂದು ಕ್ಯಾಲೆಂಡರ್.

ಈ ಚೌಕಟ್ಟು ಸರಿಯಾ? ಭೂಪಟಕ್ಕೆ ಏನು ಬಳಸಬಹುದು? ಫೋಟೋ ಎಲ್ಲಿಂದ ತರುವುದು? ಅನುಭವ ಇರುವವರು ದಯವಿಟ್ಟು ಹೇಳಿ.

ಬೇರುಬಿಳಲು:

ದೇಶಕ್ಕೊಂದು ಪುಟ ಅನ್ನೋದನ್ನ ಮೊದಲು ಕೈಬಿಡಿ. ಸಂಸ್ಕೃತಿಗಳು ಗಡಿ ನೋಡಿಕೊಂಡು ಬೆಳೆದದ್ದಲ್ಲ. ಸಾಮಿ ಜನರ ನೆಲ ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಾ ನಾಲ್ಕೂ ಕಡೆ ಹರಡಿದೆ. ನಿಮ್ಮ ಚೌಕಟ್ಟಿನಲ್ಲಿ ಅವರಿಗೆ ಪುಟವೇ ಇಲ್ಲ. ನಾಲ್ಕು ಪುಟಗಳ ಮೂಲೆಯಲ್ಲಿ ಒಂದೊಂದು ಸಾಲು ಸಿಕ್ಕರೆ ಹೆಚ್ಚು. ಕುರ್ದರು, ಇನುಯಿಟ್ ಜನ, ಜಪಾನಿನ ಐನು, ನ್ಯೂಜಿಲೆಂಡಿನ ಮಾವೊರಿ, ಎಲ್ಲರಿಗೂ ಇದೇ ಗತಿ.

ಇನ್ನು 193 ಪುಟದ ಲೆಕ್ಕ. ಇಬ್ಬರು ಬರಹಗಾರರು ಅಷ್ಟು ಬರೆದರೂ ಬರೆದಾರು, ಆದರೆ ಅದನ್ನು ಓದಿ ‘ಹೌದು, ನಮ್ಮ ಕಡೆ ಹೀಗೇ’ ಅನ್ನುವ 193 ಜನರನ್ನು ಎಲ್ಲಿಂದ ತರುತ್ತೀರಿ? ತಪ್ಪುವುದು ಅಲ್ಲೇ. ಪರಿಶೀಲನೆ ಇಲ್ಲದ ಪುಟ ಎಂದರೆ ವಿಶ್ವಕೋಶದಿಂದ ಎತ್ತಿದ ಐದು ಸಾಲು, ಅದಕ್ಕೊಂದು ಬಾವುಟ.

ಬಾವುಟ, ಉಡುಪು, ಊಟ, ಹಬ್ಬ ಎಂಬ ಅಚ್ಚು ಇನ್ನೂ ಅಪಾಯ. ಪ್ರತಿ ಪುಟದಲ್ಲೂ ಕಣ್ಣಿಗೆ ಹೊಡೆಯುವ ವ್ಯತ್ಯಾಸವನ್ನೇ ಹುಡುಕಿ ಹಾಕಬೇಕಾಗುತ್ತದೆ. ಓದಿದ ಮಗುವಿಗೆ ಜಪಾನಿನವರು ದಿನಾ ಕಿಮೋನೊ ಉಟ್ಟೇ ಬಸ್ ಹತ್ತುತ್ತಾರೆ ಎನ್ನಿಸುತ್ತದೆ.

ಬದಲಿಗೆ ಮಗುವಿನ ಪ್ರಶ್ನೆಯಿಂದ ಶುರು ಮಾಡಿ. ಹೆಸರು ಹೇಗೆ ಇಡುತ್ತಾರೆ? ಹೊತ್ತು ಹೇಗೆ ಹೇಳುತ್ತಾರೆ? ಏನು ಆಟ ಆಡುತ್ತಾರೆ? ಹೇಗೆ ಬರೆಯುತ್ತಾರೆ? ನಾಲ್ಕು ಪ್ರಶ್ನೆ, ಆರು ಸಮುದಾಯ, ಒಟ್ಟು 24 ಪುಟ. ಮೊದಲ ವರ್ಷಕ್ಕೆ ಅಷ್ಟು ಸಾಕು, ಆರು ಜನ ಪರಿಶೀಲಕರು ಸಿಗುವುದೂ ಸಾಧ್ಯ. ಒಂದೇ ಪ್ರಶ್ನೆಗೆ ಆರು ಉತ್ತರ ಪಕ್ಕಪಕ್ಕ ಕಂಡಾಗ ‘ಅವರು ಬೇರೆ’ ಅನ್ನೋದು ಹೋಗಿ, ‘ಈ ಕೆಲಸವನ್ನು ಹೀಗೂ ಮಾಡಬಹುದಾ!’ ಅನ್ನೋದು ಬರುತ್ತದೆ.

ವಾಕ್ಯ ಹೇಗಿರಬೇಕು ಅನ್ನೋದಕ್ಕೆ ಒಂದು ಉದಾಹರಣೆ. ‘ಸಾಮಿ ಜನರು ಬಣ್ಣಬಣ್ಣದ ಉಡುಪು ಧರಿಸಿ ಹಿಮಸಾರಂಗ ಮೇಯಿಸುತ್ತಾರೆ’ ಎಂದು ಬರೆದರೆ ತಪ್ಪು. ಹಿಮಸಾರಂಗವನ್ನೇ ನಂಬಿ ಬದುಕುವವರು ಅವರಲ್ಲಿ ಸಣ್ಣ ಪಾಲು. ಹೀಗೆ ಬರೆಯಿರಿ: ‘ಸಾಮಿ ಮಕ್ಕಳು ಶಾಲೆಗೆ ಮಾಮೂಲಿ ಬಟ್ಟೆಯಲ್ಲೇ ಹೋಗುತ್ತಾರೆ. ಫೆಬ್ರವರಿ 6 ಅವರ ರಾಷ್ಟ್ರೀಯ ದಿನ. ಅಂಥ ದಿನಗಳಲ್ಲಿ ಹಲವರು ಗಾಕ್ತಿ ಎಂಬ ಉಡುಪು ತೊಡುತ್ತಾರೆ. ಅದರ ಬಣ್ಣ, ಪಟ್ಟಿ ನೋಡಿ ತೊಟ್ಟವರು ಯಾವ ಕಡೆಯವರು ಎಂದು ತಿಳಿದವರು ಗುರುತಿಸುತ್ತಾರೆ.’ ಯಾರು, ಯಾವಾಗ, ಎಷ್ಟು ಜನ ಎಂಬ ಮೂರೂ ವಾಕ್ಯದೊಳಗೇ ಇದೆ ನೋಡಿ. ‘ಎಲ್ಲರೂ’, ‘ಯಾವಾಗಲೂ’, ‘ವಿಚಿತ್ರ’, ‘ಇಂದಿಗೂ ಸಹ’ ಎಂಬ ಪದಗಳು ಕರಡಿನಲ್ಲಿ ಸಿಕ್ಕಲ್ಲೆಲ್ಲ ನಿಂತು ಒಮ್ಮೆ ಯೋಚಿಸಿ.

ನಕ್ಷೆಮನೆ:

ಭೂಪಟವನ್ನೇ ಮೆನು ಮಾಡುವುದು ಫೋನಿನಲ್ಲಿ ನಡೆಯೋದಿಲ್ಲ. ಸುಮ್ಮನೆ ಲೆಕ್ಕ ಹಾಕಿ: ಪರದೆಯ ಅಗಲ 360 ಪಿಕ್ಸೆಲ್, ಜಗತ್ತಿನ ರೇಖಾಂಶ 360 ಡಿಗ್ರಿ. ಡಿಗ್ರಿಗೆ ಒಂದು ಪಿಕ್ಸೆಲ್. ಬೆಲ್ಜಿಯಂ ನಾಲ್ಕು ಡಿಗ್ರಿಯೂ ಇಲ್ಲ, ಅಂದರೆ ಮೂರು-ನಾಲ್ಕು ಪಿಕ್ಸೆಲ್. ಮಗುವಿನ ಬೆರಳಿಗೆ ಬಟನ್ ಕನಿಷ್ಠ 44 ಪಿಕ್ಸೆಲ್ ಬೇಕು. ಜೂಮ್ ಕೊಡುತ್ತೇವೆ ಎನ್ನಬಹುದು. ಎರಡು ಬೆರಳಲ್ಲಿ ಜೂಮ್ ಮಾಡುವಾಗ ಪುಟ ಜಾರುತ್ತದೆ, ಪುಟ ಜಾರಿಸಲು ಹೋದರೆ ಭೂಪಟ ಜಾರುತ್ತದೆ. ಸಣ್ಣ ಮಕ್ಕಳು ಅಲ್ಲೇ ಬಿಟ್ಟು ಎದ್ದು ಹೋಗುತ್ತಾರೆ.

ಹಾಗಂತ ಭೂಪಟವೇ ಬೇಡ ಎಂದಲ್ಲ. ಪ್ರತಿ ಪುಟದಲ್ಲೂ ‘ಇದು ಎಲ್ಲಿ?’ ಎಂದು ತೋರಿಸುವ ಸಣ್ಣ, ಒತ್ತಲಾಗದ ಭೂಪಟ ಹಾಕಿ.

ಪ್ರೊಜೆಕ್ಷನ್ (ದುಂಡಗಿನ ಭೂಮಿಯನ್ನು ಚಪ್ಪಟೆ ಭೂಪಟಕ್ಕೆ ಇಳಿಸುವ ವಿಧಾನ) ಬಗ್ಗೆ ಎಚ್ಚರ ಇರಲಿ. ಆನ್‌ಲೈನ್ ಭೂಪಟಗಳಲ್ಲಿ ತಾನಾಗಿಯೇ ಬರುವುದು ಸಾಮಾನ್ಯವಾಗಿ ಮರ್ಕೇಟರ್. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. ಸಂಸ್ಕೃತಿಗಳ ಬಗ್ಗೆ ಹೇಳುವ ಸೈಟಿನಲ್ಲಿ ಅರ್ಧ ಜಗತ್ತನ್ನು ಕುಗ್ಗಿಸಿ ತೋರಿಸುವುದು ಸರಿಯಲ್ಲ. 2018ರಲ್ಲಿ ಬಂದ ಈಕ್ವಲ್ ಅರ್ಥ್ ಪ್ರೊಜೆಕ್ಷನ್ ಬಳಸಿ. ವಿಸ್ತೀರ್ಣ ಸರಿಯಾಗಿರುತ್ತದೆ, ನೋಡಲೂ ವಿಕಾರವಿಲ್ಲ. ಭೂಪಟ, ನಕ್ಷೆ ಬಿಡಿಸಲು ಬಳಸುವ ಡಿ3 ಎಂಬ ಕೋಡ್ ಲೈಬ್ರರಿಯಲ್ಲಿ ಸಿದ್ಧವಾಗಿಯೇ ಇದೆ.

ಭೂಪಟದ ದತ್ತಾಂಶಕ್ಕೆ ನ್ಯಾಚುರಲ್ ಅರ್ಥ್ ಎಂಬ ಸಂಗ್ರಹ ಒಳ್ಳೆಯದು, ಪಬ್ಲಿಕ್ ಡೊಮೇನ್, ಅಂದರೆ ಯಾರು ಬೇಕಾದರೂ ಬಳಸಬಹುದು. 1:10, 1:50, 1:110 ಮಿಲಿಯನ್ ಎಂದು ಮೂರು ಅಳತೆಯಲ್ಲಿ ಸಿಗುತ್ತದೆ. ಫೈಲ್ ಚಿಕ್ಕದು ಎಂದು 110ಕ್ಕೆ ಕೈಹಾಕಬೇಡಿ. ಅದರಲ್ಲಿ ಮಾಲ್ಡೀವ್ಸ್, ಮಾಲ್ಟಾ, ಸಿಂಗಾಪುರ ಇಲ್ಲವೇ ಇಲ್ಲ. 50 ಮಿಲಿಯನ್ನಿನದು ತೆಗೆದುಕೊಂಡು ಟೋಪೋಜೇಸನ್‌ಗೆ (ಭೂಪಟದ ಚಿಕ್ಕ ಫೈಲ್ ರೂಪ) ಬದಲಿಸಿ, ಗೆರೆಗಳನ್ನು ಸರಳಗೊಳಿಸಿ, ಕೊನೆಗೆ ಎಸ್‌ವಿಜಿ (ಹಿಗ್ಗಿಸಿದರೂ ಮಸುಕಾಗದ) ಚಿತ್ರವಾಗಿ ಉಳಿಸಿ. ಬ್ರೌಸರ್‌ನಲ್ಲಿ ಡಿ3 ಓಡಿಸುವ ಅಗತ್ಯವೇ ಬರುವುದಿಲ್ಲ. ಪುಟ್ಟ ದ್ವೀಪಗಳಿಗೆ ಚುಕ್ಕೆ ಇಟ್ಟು ಸುತ್ತ ಒಂದು ವೃತ್ತ ಬರೆಯಿರಿ.

ಸಮುದಾಯದ ನೆಲವನ್ನು ಗಟ್ಟಿ ಗೆರೆಯಲ್ಲಿ ಗುರುತಿಸಬೇಡಿ. ಅಂಚು ಮಸುಕಾದ ಬಣ್ಣ ಹಚ್ಚಿ. ವಿವಾದದ ಗಡಿಗಳು ಇನ್ನೊಂದು ತಲೆನೋವು. ನ್ಯಾಚುರಲ್ ಅರ್ಥ್ ತನ್ನ ಮೂಲ ಫೈಲಿನಲ್ಲಿ ಯಾರ ಹಿಡಿತದಲ್ಲಿ ಇದೆಯೋ ಹಾಗೆ ಗಡಿ ಎಳೆಯುತ್ತದೆ. ಕೆಲವು ದೇಶಗಳಲ್ಲಿ ಅಂಥ ಭೂಪಟ ಪ್ರಕಟಿಸುವುದು ಕಾನೂನಿಗೆ ವಿರುದ್ಧ. 10 ಮಿಲಿಯನ್ ಅಳತೆಯಲ್ಲಿ ಬೇರೆ ಬೇರೆ ದೇಶಗಳ ದೃಷ್ಟಿಕೋನದ ಫೈಲುಗಳನ್ನೂ ಅವರೇ ಕೊಡುತ್ತಾರೆ, ನಿಮಗೆ ಅನ್ವಯಿಸುವುದನ್ನು ಆರಿಸಿಕೊಳ್ಳಿ. ಇಲ್ಲವೇ ದೇಶಗಳ ಗಡಿಯನ್ನೇ ತೆಗೆದು ಖಂಡಗಳ ಆಕಾರ ಮಾತ್ರ ಇಡಿ. ಎಂಟು ವರ್ಷದ ಮಗುವಿಗೆ ಅದು ಸಾಕು ಅನ್ನೋದು ನನ್ನ ಅಭಿಪ್ರಾಯ.

ಅಕ್ಷರಗೂಡು:

ಇಬ್ಬರಿಗೂ ಧನ್ಯವಾದ. 24 ಪುಟದ ಲೆಕ್ಕ ಮನಸ್ಸಿಗೆ ಹಿಡಿಸಿತು. ಒಂದು ಪುಟ ಒಳಗೆ ಹೇಗಿರಬೇಕು ಎಂದು ಇನ್ನೂ ಬಿಡಿಸಿ ಹೇಳುತ್ತೀರಾ? ಹೆಸರು ಮತ್ತು ಹೊತ್ತು, ಈ ಎರಡು ವಿಷಯದಿಂದ ಶುರು ಮಾಡೋಣ ಅಂತ ಇದೆ. ಹೆಸರಿನ ಪುಟದಲ್ಲಿ ಮಗು ತನ್ನ ಹುಟ್ಟಿದ ದಿನಾಂಕ ಹಾಕಿದರೆ ಘಾನಾದಲ್ಲಿ ಅದಕ್ಕೆ ಯಾವ ಹೆಸರು ಬರುತ್ತಿತ್ತು ಎಂದು ತೋರಿಸುವ ಆಟ ಮಾಡಬಹುದಲ್ಲವೇ?

ಬೇರುಬಿಳಲು:

ಆಟ ಚೆನ್ನಾಗಿದೆ, ದಿನಾಂಕ ಕೇಳುವುದು ಬೇಡ. ಮಗುವಿನ ಹುಟ್ಟಿದ ದಿನಾಂಕ ವೈಯಕ್ತಿಕ ಮಾಹಿತಿ. ಆಟಕ್ಕೆ ಬೇಕಾದದ್ದು ವಾರ ಮಾತ್ರ. ಏಳು ದೊಡ್ಡ ಬಟನ್ ಇಡಿ. ವಾರ ಗೊತ್ತಿಲ್ಲದ ಮಗು ಮನೆಯಲ್ಲಿ ಕೇಳಿಕೊಂಡು ಬರಲಿ, ಅದೂ ಒಂದು ಚಟುವಟಿಕೆಯೇ.

ವಿವರ ಹೇಳುವಾಗ ‘ಘಾನಾದ ಹೆಸರು’ ಎನ್ನಬೇಡಿ. ಇದು ಅಕಾನ್ ಜನರ ಪದ್ಧತಿ. ಶುಕ್ರವಾರ ಹುಟ್ಟಿದ ಹುಡುಗ ಕೋಫಿ, ಹುಡುಗಿ ಅಫುವಾ. ಶನಿವಾರ ಕ್ವಾಮೆ, ಅಮಾ. ಭಾನುವಾರ ಕ್ವಾಸಿ, ಅಕೋಸುವಾ. ಉಚ್ಚಾರ ಊರಿಂದೂರಿಗೆ ಬದಲಾಗುತ್ತದೆ, ಆದ್ದರಿಂದ ‘ಹೀಗೂ ಹೇಳುತ್ತಾರೆ’ ಎಂದು ಎರಡನೆಯ ರೂಪಕ್ಕೂ ಜಾಗ ಇರಲಿ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8, ಶುಕ್ರವಾರ. ಇದನ್ನು ಮೊದಲೇ ಹೇಳಿಬಿಡಬೇಡಿ. ‘ಇವರು ಯಾವ ವಾರ ಹುಟ್ಟಿರಬಹುದು?’ ಎಂದು ಕೊನೆಯಲ್ಲಿ ಕೇಳಿ, ಮಗುವೇ ಮೇಲಿನ ಪಟ್ಟಿ ನೋಡಿ ಕಂಡುಹಿಡಿಯಲಿ. ಪಕ್ಕದಲ್ಲಿ ಐಸ್‌ಲ್ಯಾಂಡ್ (ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ, ತಂದೆ ಅಥವಾ ತಾಯಿಯ ಹೆಸರೇ ಕೊನೆಯಲ್ಲಿ ಸೇರುತ್ತದೆ) ಮತ್ತು ಹಂಗೇರಿ (ಮನೆತನದ ಹೆಸರು ಮೊದಲು) ಇಟ್ಟರೆ ಹೋಲಿಕೆ ತಾನಾಗಿ ಆಗುತ್ತದೆ.

ಹೊತ್ತಿನ ಪುಟಕ್ಕೆ ಸ್ವಾಹಿಲಿಗಿಂತ ಒಳ್ಳೆಯದು ಸಿಗಲಾರದು. ಪೂರ್ವ ಆಫ್ರಿಕಾದಲ್ಲಿ ಸ್ವಾಹಿಲಿ ಮಾತಾಡುವವರು ಸೂರ್ಯ ಹುಟ್ಟಿದಲ್ಲಿಂದ ಗಂಟೆ ಎಣಿಸುತ್ತಾರೆ. ನಾವು ಬೆಳಗ್ಗೆ ಏಳು ಎನ್ನುವುದು ಅವರಿಗೆ ‘ಸಾ ಮೋಜ’, ಗಂಟೆ ಒಂದು. ಸಮಭಾಜಕದ ಹತ್ತಿರ ವರ್ಷವಿಡೀ ಹೆಚ್ಚುಕಡಿಮೆ ಆರಕ್ಕೇ ಬೆಳಗಾಗುವುದರಿಂದ ಈ ಲೆಕ್ಕ ಕೈಕೊಡುವುದಿಲ್ಲ. ಈ ಕಾರಣ ಹೇಳದಿದ್ದರೆ ಅದೊಂದು ತಮಾಷೆಯ ಸಂಗತಿಯಾಗಿ ಮಾತ್ರ ಉಳಿಯುತ್ತದೆ.

ಇಲ್ಲಿ ಚಿತ್ರಕಾರರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಅಂಕಿಗಳನ್ನು ತಿರುಗಿಸಿದ ‘ಸ್ವಾಹಿಲಿ ಗಡಿಯಾರ’ ಬರೆಯುವುದು. ನಿಜದಲ್ಲಿ ಜನ ಮಾಮೂಲಿ ಗಡಿಯಾರವನ್ನೇ ನೋಡಿ, ಗಂಟೆಯ ಮುಳ್ಳಿಗೆ ನೇರ ಎದುರಿನ ಅಂಕಿ ಓದಿಕೊಳ್ಳಬಹುದು. ಏಳರ ಎದುರು ಒಂದು, ಹತ್ತರ ಎದುರು ನಾಲ್ಕು. ಹಾಗಾಗಿ ಒಂದೇ ಗಡಿಯಾರ ಬರೆದು, ಮುಳ್ಳಿನ ಹಿಂಬದಿಗೆ ಚುಕ್ಕೆಗೆರೆ ಎಳೆದರೆ ಮಗುವಿಗೆ ಥಟ್ಟನೆ ಹೊಳೆಯುತ್ತದೆ. ಮುಳ್ಳನ್ನು ಎಳೆದು ತಿರುಗಿಸುವ ಬದಲು ‘ಒಂದು ಗಂಟೆ ಮುಂದಕ್ಕೆ’ ಎಂಬ ಬಟನ್ ಕೊಡಿ. ಎಳೆಯುವುದು ಸಣ್ಣ ಬೆರಳಿಗೂ ಕಷ್ಟ, ಕೀಬೋರ್ಡ್ ಬಳಸುವ ಮಗುವಿಗೆ ಅಸಾಧ್ಯ.

ಕ್ಯಾಲೆಂಡರ್ ವಿಷಯ. ಹಬ್ಬದ ದಿನಾಂಕವನ್ನು ಪುಟದ ಬರಹದಲ್ಲಿ ಸೇರಿಸಲೇಬೇಡಿ, ಬೇರೆ ಫೈಲಿನಲ್ಲಿ ಇಡಿ. ಚಾಂದ್ರಮಾನದ ಹೊಸವರ್ಷ ಚೀನಾದಲ್ಲಿ 2024ರಲ್ಲಿ ಫೆಬ್ರವರಿ 10ಕ್ಕೆ ಬಂತು, 2025ರಲ್ಲಿ ಜನವರಿ 29ಕ್ಕೆ. ಇಸ್ಲಾಮಿಕ್ ವರ್ಷ 354 ಅಥವಾ 355 ದಿನದ್ದು, ಹಾಗಾಗಿ ಈದ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಚಂದ್ರದರ್ಶನದ ಮೇಲೆ ದೇಶದಿಂದ ದೇಶಕ್ಕೆ ಒಂದು ದಿನ ಆಚೀಚೆಯೂ ಆಗುತ್ತದೆ. ಇಥಿಯೋಪಿಯಾದ ಹೊಸವರ್ಷ ಸೆಪ್ಟೆಂಬರ್ 11, ನಮ್ಮ ಅಧಿಕ ವರ್ಷದ ಹಿಂದಿನ ವರ್ಷದಲ್ಲಿ 12. ಫೈಲಿನಲ್ಲಿ ‘ಆರಂಭ’, ‘ಕೊನೆ’, ‘ಅಂದಾಜೇ?’ ಎಂದು ಮೂರು ಕಾಲಂ ಇರಲಿ, ಮೂರು ವರ್ಷಕ್ಕೆ ಒಮ್ಮೆಲೇ ತುಂಬಿ. ಬ್ರೌಸರ್‌ನೊಳಗಿನ ಇಂಟ್ಲ್ ಸೌಲಭ್ಯ ಇಸ್ಲಾಮಿಕ್, ಚೀನೀ, ಇಥಿಯೋಪಿಯನ್, ಹೀಬ್ರೂ ಪಂಚಾಂಗಗಳ ದಿನ ಲೆಕ್ಕ ಹಾಕುತ್ತದೆ. ಅದು ತಾಳೆ ನೋಡಲು ಒಳ್ಳೆಯದು, ಅದನ್ನೇ ನಂಬಿ ಮಕ್ಕಳಿಗೆ ತೋರಿಸಬೇಡಿ.

ಗುಬ್ಬಿಗಣಕ:

ತಾಂತ್ರಿಕ ಭಾಗ ನಾನು ಹೇಳುತ್ತೇನೆ. 24 ಪುಟಕ್ಕೆ ಡೇಟಾಬೇಸ್, ಸರ್ವರ್ ಏನೂ ಬೇಡ. ಹ್ಯೂಗೋ ಅಥವಾ ಇಲೆವೆಂಟಿ ಥರದ ಸ್ಟ್ಯಾಟಿಕ್ ಸೈಟ್ ಜನರೇಟರ್ (ಬರಹದ ಫೈಲುಗಳಿಂದ ಪುಟಗಳನ್ನು ಮೊದಲೇ ತಯಾರಿಸಿಡುವ ಸಾಧನ) ಸಾಕು. ಪ್ರತಿ ಪುಟದ ಫೈಲಿನ ತಲೆಯಲ್ಲಿ ಸಮುದಾಯ ತನ್ನನ್ನು ಕರೆದುಕೊಳ್ಳುವ ಹೆಸರು, ಪ್ರದೇಶ, ಭಾಷೆಯ ಐಎಸ್‌ಒ 639-3 ಸಂಕೇತ (ಪ್ರತಿ ಭಾಷೆಗೂ ಇರುವ ಮೂರಕ್ಷರದ ಅಂತರರಾಷ್ಟ್ರೀಯ ಗುರುತು), ಧ್ವನಿ ಫೈಲು, ಪರಿಶೀಲಿಸಿದವರು, ಪರಿಶೀಲಿಸಿದ ದಿನ ಇವಿಷ್ಟು ಕಡ್ಡಾಯ ಮಾಡಿ. ಪರಿಶೀಲನೆಯ ದಿನ ಖಾಲಿ ಇದ್ದರೆ ಆ ಪುಟ ಪ್ರಕಟವಾಗದಂತೆ ಬಿಲ್ಡ್ (ಸೈಟ್ ತಯಾರಾಗುವ ಹಂತ) ನಿಲ್ಲಿಸುವ ನಾಲ್ಕು ಸಾಲು ಕೋಡ್ ಬರೆದಿಡಿ. ಆತುರದಲ್ಲಿ ಆಗುವ ಎಡವಟ್ಟುಗಳು ಅರ್ಧ ಅಲ್ಲೇ ನಿಲ್ಲುತ್ತವೆ.

ಕನ್ನಡ ಅಕ್ಷರಕ್ಕೆ ನೋಟೊ ಸಾನ್ಸ್ ಕನ್ನಡ. ಶೀರ್ಷಿಕೆಗೆ ಬಲೂ ತಮ್ಮ ಕೊಡಬಹುದು, ಪೂರ್ತಿ ಬರಹಕ್ಕೆ ಅದು ದಪ್ಪವಾಯಿತು. ಎರಡೂ ಮುಕ್ತ ಪರವಾನಗಿಯವು, ನಿಮ್ಮ ಸೈಟಿನಲ್ಲೇ ಇಟ್ಟುಕೊಳ್ಳಿ. ಗಾತ್ರ 20 ಪಿಕ್ಸೆಲ್, ಸಾಲಿನ ಎತ್ತರ 1.7, ಅದಕ್ಕಿಂತ ಕಡಿಮೆಯಾದರೆ ಒತ್ತಕ್ಷರ ಕೆಳಸಾಲಿನ ಗುಡಿಸು, ತಲಕಟ್ಟುಗಳಿಗೆ ತಾಗುತ್ತದೆ. ಲೆಟರ್ ಸ್ಪೇಸಿಂಗ್ ಸೊನ್ನೆಯೇ ಇರಲಿ. ಪದದೊಳಗೆ ಒಂದು ಅಕ್ಷರಕ್ಕೆ ಮಾತ್ರ ಬಣ್ಣ ಕೊಡಲು ಹೋಗಿ ‘ಸ್ತ್ರೀ’ ನಡುವೆ ಟ್ಯಾಗ್ ತೂರಿಸಿದರೆ ಒತ್ತಕ್ಷರ ಚಿಂದಿಯಾಗುತ್ತದೆ. ಕನ್ನಡದ ಪದ ಉದ್ದ, ಬಟನ್‌ಗೆ ನಿಗದಿತ ಅಗಲ ಕೊಡಬೇಡಿ. 320 ಪಿಕ್ಸೆಲ್ ಪರದೆಯಲ್ಲಿ ನೋಡಿಯೇ ಮುಂದೆ ಹೋಗಿ.

‘ಹೇಗೆ ಬರೆಯುತ್ತಾರೆ?’ ಪುಟದಲ್ಲಿ ಬೇರೆ ಲಿಪಿಗಳನ್ನು ಚಿತ್ರವಾಗಿ ಅಂಟಿಸದೆ ನಿಜವಾದ ಪಠ್ಯವಾಗಿ ಹಾಕಿ, ಯಾವ ಭಾಷೆ ಎಂದು ಬ್ರೌಸರ್‌ಗೆ ತಿಳಿಸುವ ಲ್ಯಾಂಗ್ ಅಟ್ರಿಬ್ಯೂಟ್ ಕೊಡಿ. ಅರೇಬಿಕ್‌ಗೆ ದಿಕ್ಕು ಬಲದಿಂದ ಎಡಕ್ಕೆ. ಜಪಾನಿ ಕಂಬಸಾಲಿಗೆ ರೈಟಿಂಗ್-ಮೋಡ್ ವರ್ಟಿಕಲ್-ಆರ್‌ಎಲ್, ಮಂಗೋಲಿಯನ್ ಲಿಪಿಗೆ ವರ್ಟಿಕಲ್-ಎಲ್‌ಆರ್. ಎರಡೂ ಮೇಲಿಂದ ಕೆಳಕ್ಕೇ ಇಳಿದರೂ, ಮುಂದಿನ ಕಂಬ ಜಪಾನಿಯಲ್ಲಿ ಎಡಕ್ಕೆ, ಮಂಗೋಲಿಯನ್‌ನಲ್ಲಿ ಬಲಕ್ಕೆ ಬರುತ್ತದೆ. ಈ ವ್ಯತ್ಯಾಸ ಅದಲುಬದಲಾದದ್ದು ಎಷ್ಟೋ ಸೈಟುಗಳಲ್ಲಿ ಕಾಣುತ್ತದೆ.

ಧ್ವನಿಗೆ ಯಂತ್ರದ ಉಚ್ಚಾರ ಬೇಡ, ಆ ಭಾಷೆಯವರೇ ಹೇಳಿದ್ದು ಹಾಕಿ. ಮೋನೊ, 64 ಕೆಬಿಪಿಎಸ್ ಎಂಪಿ3 ಆದರೆ ಮೂರು ಸೆಕೆಂಡಿನ ಒಂದು ಹೆಸರು 24 ಕೆಬಿ, ಏನೇನೂ ಅಲ್ಲ. ತಾನಾಗಿ ಶುರುವಾಗುವಂತೆ ಇಡಬೇಡಿ. ಬ್ರೌಸರ್ ತಡೆಯುತ್ತದೆ, ತಡೆಯದಿದ್ದರೆ ತರಗತಿಯಲ್ಲಿ ಮೂವತ್ತು ಫೋನು ಒಟ್ಟಿಗೆ ಕೂಗುತ್ತವೆ.

ಲಾಗಿನ್ ಖಂಡಿತ ಬೇಡ. ಅಮೆರಿಕದ 1998ರ ಕೊಪ್ಪಾ ಕಾನೂನಿನ ಪ್ರಕಾರ 13ಕ್ಕಿಂತ ಚಿಕ್ಕವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಯುರೋಪಿನ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣೆಯ ಕಾನೂನಿನಲ್ಲಿ ಆ ವಯಸ್ಸು 16, ದೇಶಗಳು 13ರವರೆಗೆ ಇಳಿಸಿಕೊಳ್ಳಬಹುದು. ಭಾರತದ 2023ರ ಡಿಪಿಡಿಪಿ ಕಾಯ್ದೆಯಲ್ಲಿ 18. ನಾಲ್ಕು ಜನರ ತಂಡಕ್ಕೆ ಆ ಒಪ್ಪಿಗೆಗಳ ಉಸಾಬರಿ ಯಾಕೆ? ಪದಕಗಳನ್ನು ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ಇಟ್ಟರೆ ಆಯಿತು, ಏನೂ ಹೊರಗೆ ಹೋಗುವುದಿಲ್ಲ. ಯೂಟ್ಯೂಬ್ ವಿಡಿಯೋ ಎಂಬೆಡ್ ಮಾಡಿದರೂ ಮೂರನೆಯವರ ಟ್ರ್ಯಾಕಿಂಗ್ ಬರುತ್ತದೆ, ಮುಗಿದ ಮೇಲೆ ಏನೇನೋ ವಿಡಿಯೋ ತೋರಿಸುತ್ತದೆ. ಒಂದು ನಿಮಿಷದ 480ಪಿ ವಿಡಿಯೋ 800 ಕೆಬಿಪಿಎಸ್‌ನಲ್ಲಿ ಸುಮಾರು 6 ಎಂಬಿ, ನಿಮ್ಮಲ್ಲೇ ಇಟ್ಟುಕೊಳ್ಳಿ.

ಚಿತ್ರಚಾವಡಿ:

ಫೋಟೋ ಬಗ್ಗೆ ಯಾರೂ ಹೇಳಲಿಲ್ಲ. ವಿಕಿಮೀಡಿಯಾ ಕಾಮನ್ಸ್ ಇದ್ದೇ ಇದೆ. ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ, ಸ್ಮಿತ್ಸೋನಿಯನ್ 2020ರಿಂದ ಲಕ್ಷಗಟ್ಟಲೆ ಚಿತ್ರಗಳನ್ನು ಸಿಸಿ0 (ಯಾವ ಷರತ್ತೂ ಇಲ್ಲದ ಕ್ರಿಯೇಟಿವ್ ಕಾಮನ್ಸ್ ಪರವಾನಗಿ) ಅಡಿಯಲ್ಲಿ ಬಿಟ್ಟಿವೆ. ಆದರೆ ಮ್ಯೂಸಿಯಂ ಚಿತ್ರಗಳಿಂದಲೇ ಪುಟ ತುಂಬಿದರೆ ಆ ಜನರೆಲ್ಲ ಯಾವುದೋ ಕಾಲದಲ್ಲಿ ಇದ್ದು ಹೋದವರು ಎಂದು ಮಗು ತಿಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಚಿತ್ರ ಈ ಕಾಲದವು ಇರಲಿ, ಪ್ರತಿ ಚಿತ್ರದ ಕೆಳಗೆ ವರ್ಷ ಇರಲಿ.

ಸಿಸಿ ಬೈ (ತೆಗೆದವರ ಹೆಸರು ಹೇಳಿ ಬಳಸುವ ಪರವಾನಗಿ) ಚಿತ್ರಕ್ಕೆ ಶೀರ್ಷಿಕೆ, ತೆಗೆದವರು, ಮೂಲ, ಪರವಾನಗಿ ನಾಲ್ಕನ್ನೂ ಬರೆಯಬೇಕು. ಪರವಾನಗಿಯ ಹೆಸರಿನಲ್ಲಿ ಎನ್‌ಡಿ ಇರುವುದನ್ನು ತೆಗೆದುಕೊಳ್ಳಬೇಡಿ, ಅದನ್ನು ಬದಲಿಸಿ ಬಳಸುವಂತಿಲ್ಲ. ಎಸ್‌ಎ ಇರುವ ಫೋಟೋ ನೋಡಿ ನಿಮ್ಮ ಚಿತ್ರಕಾರರು ಅದರದ್ದೇ ರೂಪಾಂತರ ಬಿಡಿಸಿದರೆ ಆ ಚಿತ್ರವನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕಾಗುತ್ತದೆ.

ಇದಕ್ಕಿಂತ ಮುಖ್ಯ: ಪರವಾನಗಿ ಹೇಳುವುದು ಫೋಟೋ ತೆಗೆದವರ ಹಕ್ಕನ್ನು ಮಾತ್ರ. ಫೋಟೋದಲ್ಲಿ ಇರುವವರ ಒಪ್ಪಿಗೆ ಅದರಲ್ಲಿ ಬರುವುದಿಲ್ಲ, ಸಮುದಾಯದ ಒಪ್ಪಿಗೆಯಂತೂ ಇಲ್ಲವೇ ಇಲ್ಲ. ಗುರುತು ಸಿಗುವ ಮಕ್ಕಳ ಮುಖದ ಫೋಟೋ ಬೇಡ, ಅಲ್ಲಿ ಚಿತ್ರ ಬಿಡಿಸಿ. ಆಸ್ಟ್ರೇಲಿಯಾದ ಹಲವು ಮೂಲನಿವಾಸಿ ಸಮುದಾಯಗಳಲ್ಲಿ ತೀರಿಕೊಂಡವರ ಚಿತ್ರ ತೋರಿಸುವುದು, ಹೆಸರು ಹೇಳುವುದು ನೋವಿನ ವಿಷಯ. ಅದಕ್ಕೇ ಅಲ್ಲಿನ ಸಂಸ್ಥೆಗಳ ಸೈಟಿನಲ್ಲಿ ಮೊದಲೇ ಎಚ್ಚರಿಕೆ ಇರುತ್ತದೆ. ಕೆಲವು ಆಚರಣೆಗಳು ಹೊರಗಿನವರು ನೋಡುವುದಕ್ಕೇ ಅಲ್ಲ. ಲೋಕಲ್ ಕಾಂಟೆಕ್ಸ್ಟ್ಸ್ ಎಂಬ ಸಂಸ್ಥೆಯ ಟಿಕೆ (ಪಾರಂಪರಿಕ ಜ್ಞಾನ) ಲೇಬಲ್‌ಗಳು, ಅಂದರೆ ಹೇಗೆ ಬಳಸಬಹುದು ಎಂದು ಸಮುದಾಯ ಹೇಳುವ ಗುರುತುಗಳು ಇರುವ ಚಿತ್ರ ಸಿಕ್ಕರೆ ಅದರಲ್ಲಿ ಹೇಳಿದಂತೆ ನಡೆಯಿರಿ. ಆ ಲೇಬಲ್ ಹಾಕುವ ಹಕ್ಕು ಸಮುದಾಯದ್ದು, ನೀವಾಗಿ ಅಂಟಿಸುವಂತಿಲ್ಲ.

ಅಕ್ಷರಗೂಡು:

ಬಹಳ ಉಪಯೋಗವಾಯಿತು. ಕೊನೆಯದೊಂದು. ಕ್ವಿಜ್ ಉಳಿಸಿಕೊಳ್ಳಬಹುದಾ? ಮಕ್ಕಳ ಕೈಗೆ ಕೊಟ್ಟು ನೋಡುವುದು ಹೇಗೆ?

ಗುಬ್ಬಿಗಣಕ:

ಉಳಿಸಿಕೊಳ್ಳಿ, ‘ಈ ಉಡುಪು ಯಾವ ದೇಶದ್ದು?’ ಥರದ್ದು ಬಿಟ್ಟು. ಅದು ಬಾಯಿಪಾಠ, ಜೊತೆಗೆ ಒಂದು ದೇಶಕ್ಕೆ ಒಂದೇ ಉಡುಪು ಅನ್ನೋದನ್ನ ತಲೆಗೆ ತುಂಬುತ್ತದೆ. ‘ಗಡಿಯಾರ ಹತ್ತು ತೋರಿಸುತ್ತಿದೆ, ಸ್ವಾಹಿಲಿಯಲ್ಲಿ ಎಷ್ಟು?’ ಎಂದು ಕೇಳಿ. ಓದಿದ್ದನ್ನು ಬಳಸಿ ಉತ್ತರಿಸಬೇಕು. ಮೂರು ಆಯ್ಕೆ ಸಾಕು. ತಪ್ಪಾದರೆ ಕೆಂಪು ಬಣ್ಣ, ಸದ್ದು ಬೇಡ, ಚುಕ್ಕೆಗೆರೆ ಕಾಣಿಸಿ ಇನ್ನೊಂದು ಅವಕಾಶ ಕೊಡಿ.

ಪರೀಕ್ಷೆಗೆ ಐದಾರು ಮಕ್ಕಳು ಸಾಕು, ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ. ಇಬ್ಬಿಬ್ಬರನ್ನು ಒಂದು ಫೋನಿನ ಮುಂದೆ ಕೂರಿಸಿ. ಒಬ್ಬೊಬ್ಬರೇ ಇದ್ದರೆ ಬಾಯಿ ಬಿಡುವುದಿಲ್ಲ, ಜೊತೆ ಇದ್ದರೆ ತಾವಾಗಿ ಮಾತಾಡಿಕೊಳ್ಳುತ್ತಾರೆ. ಇಪ್ಪತ್ತು ನಿಮಿಷ ಮೀರಬೇಡಿ. ‘ಇಷ್ಟವಾಯಿತಾ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ನಗುಮುಖದ ಗುರುತು ಒತ್ತಲು ಹೇಳಿದರೂ ಅತಿ ದೊಡ್ಡ ನಗುವನ್ನೇ ಒತ್ತುತ್ತಾರೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬದಲಿಗೆ ‘ಶನಿವಾರ ಹುಟ್ಟಿದ ಹುಡುಗಿಯ ಹೆಸರು ಹುಡುಕು’ ಎಂದು ಕೆಲಸ ಕೊಟ್ಟು, ಬೆರಳು ಎಲ್ಲೆಲ್ಲಿ ಹೋಗುತ್ತದೆ ಎಂದು ಬರೆದುಕೊಳ್ಳಿ. ಒತ್ತಲಾಗದ ಭೂಪಟವನ್ನು ಮಕ್ಕಳು ಮತ್ತೆ ಮತ್ತೆ ಒತ್ತುತ್ತಿದ್ದರೆ, ಒತ್ತಿದಾಗ ಆ ಪ್ರದೇಶದ ಹೆಸರನ್ನು ಧ್ವನಿಯಲ್ಲಿ ಹೇಳಿಸಿಬಿಡಿ.

ನಕ್ಷೆಮನೆ:

ಅದಕ್ಕೆ ಭೂಪಟದ ಇಡೀ ಚೌಕವನ್ನೇ ಒಂದು ಬಟನ್ ಮಾಡಿ. ಒಳಗಿನ ಆಕಾರಗಳಿಗೆ ಬೇರೆ ಬೇರೆ ಕೊಂಡಿ ಬೇಡ, 44 ಪಿಕ್ಸೆಲ್‌ನ ತೊಂದರೆ ಬರುವುದಿಲ್ಲ.